ಅಡಕಲ ಗಡಿಗೆಯನ್ನು ಎಲ್ಲಿಡೋಣ?

ಕಳೆದ ವೈಶಾಖದಲ್ಲಿ ಜಮಖಂಡಿಯ ಹೊಸ ಬಡಾವಣೆಯೊಂದರಲ್ಲಿ ಸ್ನೇಹಿತರ ಮನೆಯ ವಾಸ್ತುಶಾಂತಿಗೆ ಹೋಗಿದ್ದೆ. ಮನೆ ಚೆನ್ನಾಗಿತ್ತು. ನಮ್ಮ ಹಿರಿಯರು ಪಡಸಾಲೆ ಎನ್ನುತ್ತಿದ್ದುದಕ್ಕೆ ಈಗ ಹಾಲ್ ಎಂದು ಹೆಸರು. ಆ ಹಾಲ್ ೧೮ ಅಡಿ ಉದ್ದ, ೧೪ ಅಡಿ ಅಗಲ. ಮೇಲೆ ಬಿಳಿಯ ಗಿಲಾವಿನ ಹೂಬಳ್ಳಿ, ಹೂಬಳ್ಳಿಯ ಒಳಗೆ ಬಣ್ಣದ ದೀಪ, ಎದುರು ಗೋಡೆಯ ತುಂಬ ಟೆಲಿವಿಷನ್ನಿನ ಮಂಟಪ. ಬಂದವರೆಲ್ಲರೂ ಕತ್ತೆತ್ತಿ ನೋಡಿ ತಲೆದೂಗಿದರು. ನಾನೂ ತಲೆದೂಗಿದೆ. ಊಟಕ್ಕೆ ಕರೆದವರ ಮನೆಯಲ್ಲಿ ಬೇರೆ ಏನು ಮಾಡಲು ಬರುತ್ತದೆ?

ನೀರು ಕುಡಿಯಬೇಕೆಂದು ಒಳಗೆ ಹೋದಾಗ ಅಡಿಗೆಮನೆಯ ಬಾಗಿಲು ಅರ್ಧಕ್ಕೆ ನಿಂತಿತು. ದಬ್ಬಿದರೆ ಹೋಗಲೊಲ್ಲದು. ಹಣಿಕಿ ನೋಡಿದರೆ ಬಾಗಿಲ ಹಿಂದೆ ಜೋಳದ ಚೀಲ ಗೋಡೆಗೆ ಒರಗಿ ಕುಳಿತಿದೆ. ಒಳಗೆ ನಾಲ್ವರು ಹೆಣ್ಣುಮಕ್ಕಳು ಮೈ ಅಡ್ಡ ಮಾಡಿಕೊಂಡು ನಿಂತು ನೂರಾರು ಜನರಿಗೆ ಬಡಿಸುವ ಸಿದ್ಧತೆಯಲ್ಲಿದ್ದರು. ಒಬ್ಬಳು ತಿರುಗಬೇಕಾದರೆ ಇನ್ನೊಬ್ಬಳು ಹೊರಗೆ ಬರಬೇಕು. ಸ್ನೇಹಿತರ ತಾಯಿ, ಎಪ್ಪತ್ತು ದಾಟಿದವರು, ನನ್ನನ್ನು ನೋಡಿ ನಗುತ್ತಲೇ ಕೇಳಿದರು: “ನೀವು ಕಲ್ತವ್ರಿದ್ದೀರಿ ಸರ, ನೀವರ ಹೇಳ್ರಿ. ಇಷ್ಟ ದೊಡ್ಡ ಮನಿ ಕಟ್ಟ್ಯಾನ ನನ್ನ ಮಗ. ಈ ಜ್ವಾಳದ ಚೀಲಾ ಎಲ್ಲಿ ಇಡೂದ್ರೀ?”

ನಾನು ಕಲಿತದ್ದು ಹಳಗನ್ನಡ. ಆ ಮುದುಕಿಯ ಪ್ರಶ್ನೆಗೆ ಅದರಲ್ಲಿ ಉತ್ತರ ಹೊಳೆಯಲಿಲ್ಲ. ನೀರು ಕುಡಿದು ಹೊರಗೆ ಬಂದೆ. ಆದರೆ ಪ್ರಶ್ನೆ ನನ್ನ ಸಂಗಡವೇ ಬಂದಿತು.

ಮೊದಲೇ ಒಂದು ಮಾತನ್ನು ಸ್ಪಷ್ಟ ಮಾಡುವೆನು. ಅಡಿಗೆಮನೆ ಸಣ್ಣದಿರುವದು ತಪ್ಪಲ್ಲ. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಅರಮನೆಯ ಪಾಕಶಾಲೆ ಬೇಕೆಂದು ಯಾವ ಗೃಹಿಣಿಯೂ ಹಟ ಹಿಡಿದದ್ದನ್ನು ನಾನು ಕೇಳಿಲ್ಲ. ತಪ್ಪು ಎಲ್ಲಿದೆಯೆಂದರೆ, ಸಾಮಾನು ಇಡಲಿಕ್ಕೆ ಸ್ಥಳವಿಲ್ಲದಂತೆ ಅಡಿಗೆಮನೆಯನ್ನು ಸಣ್ಣದು ಮಾಡುವದರಲ್ಲಿದೆ. ಸಣ್ಣ ಪೆಟ್ಟಿಗೆಯಲ್ಲಿಯೂ ಬಹಳ ಹಿಡಿಸಬಹುದು. ಆದರೆ ಪೆಟ್ಟಿಗೆಯನ್ನು ಮಾಡುವವನಿಗೆ ಅದರಲ್ಲಿ ಏನನ್ನು ಇಡುತ್ತಾರೆಂಬುದು ಗೊತ್ತಿರಬೇಕು. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಇಂದು ಏಳುತ್ತಿರುವ ಮನೆಗಳ ನಕಾಶೆ ಬರೆಯುವವರಿಗೆ ಅದು ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಮನಸ್ಸೂ ಇಲ್ಲ. ಅವರ ಮುಂದೆ ಕುಳಿತು ಸಹಿ ಮಾಡುವ ನಾವು ಗಂಡಸರಂತೂ ಇನ್ನೂ ದೊಡ್ಡ ಅಪರಾಧಿಗಳು.

ಅಪರಾಧಿಗಳಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಡುವದಿಲ್ಲ. ಹತ್ತು ವರ್ಷಗಳ ಹಿಂದೆ ಸಾಲ ಮಾಡಿ ಮನೆ ಕಟ್ಟಿಸಿದೆ. ಇಂಜಿನೀಯರರು ನಕಾಶೆಯ ಕಾಗದ ಹರವಿದಾಗ ನಾನು ಕೇಳಿದ್ದು ಎರಡೇ ಪ್ರಶ್ನೆ: ಪುಸ್ತಕದ ಕಪಾಟು ಎಲ್ಲಿ, ಮೋಟರಸೈಕಲ್ ಎಲ್ಲಿ? ಅಡಿಗೆಮನೆ ಎಂಟು ಅಡಿ ಉದ್ದ, ಏಳು ಅಡಿ ಅಗಲ ಎಂದು ಬರೆದಿತ್ತು. ಮನೆಯಾಕೆ ಚಹಾ ತಂದಿಟ್ಟು ಒಂದು ಗಳಿಗೆ ನಿಂತು, “ಕಾಳು-ಕಡಿ ಇಡಾಕ ಒಂದೀಟ ಖೋಲಿ ಮಾಡ್ಸೂಣೇನ್ರಿ?” ಎಂದಳು. “ಆಮ್ಯಾಲೆ ನೋಡೋಣ” ಎಂದೆ. ಆ ಆಮೇಲೆ ಇಂದಿನವರೆಗೂ ಬಂದಿಲ್ಲ. ನಮ್ಮ ಮನೆಯಲ್ಲಿ ಜೋಳ ದಿವಾನದ ಕೆಳಗೆ, ಬೆಲ್ಲದ ಪೆಂಟಿ ದೇವರ ಜಗಲಿಯ ಕೆಳಗೆ, ಹಪ್ಪಳ-ಸಂಡಿಗೆಯ ಡಬ್ಬಿಗಳು ನನ್ನ ಪುಸ್ತಕದ ಕಪಾಟಿನ ಮೇಲೆ ಇವೆ. ಯಾರಾದರೂ ಅತಿಥಿಗಳು ಬರುವರೆಂದು ಗೊತ್ತಾದರೆ ದಿವಾನದ ಮೇಲಿನ ಹಾಸು ನೆಲದವರೆಗೆ ಇಳಿಯುತ್ತದೆ. ಅನ್ನವನ್ನು ಅಡಗಿಸಿಟ್ಟು ಮಾನ ಕಾಯ್ದುಕೊಳ್ಳುವ ಕಾಲ ಬಂದಿತಲ್ಲ!

ನಮ್ಮವ್ವನ ಅಡಕಲ ಗಡಿಗೆಗಳ ಕತೆಯನ್ನಂತೂ ಹೇಳಲೇಬೇಕು. ಹಳ್ಳಿಯ ಮನೆಯನ್ನು ಬಿಟ್ಟು ಬರುವಾಗ ಅವ್ವ ಏಳು ಗಡಿಗೆಗಳನ್ನು ಹುಲ್ಲು ಸುತ್ತಿ ಟ್ರ್ಯಾಕ್ಟರಿನಲ್ಲಿ ತಂದಳು. ಹೊಸ ಮನೆಯಲ್ಲಿ ಅವಕ್ಕೆ ನಿಲ್ಲಲು ಒಂದೂವರೆ ಅಡಿ ನೆಲ ಸಿಗಲಿಲ್ಲ. ಮಾಳಿಗೆಯ ಮೇಲೆ ನೀರಿನ ಟಾಕಿಯ ಮಗ್ಗುಲಿಗೆ ಇಟ್ಟೆವು. ಮೊದಲ ಮಳೆಗಾಲದಲ್ಲಿ ಎರಡು, ಮಂಗ ಬಂದಾಗ ಮೂರು ಒಡೆದವು. ಉಳಿದ ಎರಡರಲ್ಲಿ ಈಗ ತುಳಸಿ ಇದೆ, ಕರಿಬೇವು ಇದೆ. ಅವ್ವ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪಟ್ಟಣದಲ್ಲಿ ಬೆಳೆದ ವಾಚಕರಿಗಾಗಿ ಒಂದು ವಿವರಣೆ. ಅಡಕಲು ಎಂದರೆ ಒಂದರ ಮೇಲೊಂದು ಇಟ್ಟ ಗಡಿಗೆಗಳ ಸಾಲು. ಹಳಗನ್ನಡದಲ್ಲಿ ಅದು ಅಡಕಿಲ್. ಅಡಕು ಎಂಬ ಧಾತುವಿಗೆ ಒತ್ತಿ ತುಂಬು, ಇಕ್ಕಟ್ಟಿನಲ್ಲಿ ಸೇರಿಸು ಎಂಬ ಅರ್ಥ. ನಾವು ಕವಿಯ ಮಾತನ್ನು ಹೊಗಳುವಾಗ ಬಳಸುವ ಅಡಕವೆಂಬ ಶಬ್ದವೂ ಅದರ ಬಳಗದ್ದೇ. ತಳದಲ್ಲಿ ಸಿಂಬಿಯ ಮೇಲೆ ಎಲ್ಲಕ್ಕೂ ದೊಡ್ಡ ಗಡಿಗೆ, ಅದರ ಬಾಯಿಗೆ ಮುಚ್ಚಳವಾಗಿ ಅದಕ್ಕಿಂತ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ಹೀಗೆ ಆಳೆತ್ತರ. ತಿಂಗಳಿಗೊಮ್ಮೆ ಬೇಕಾಗುವದು ತಳಕ್ಕೆ, ದಿನವೂ ಬೇಕಾಗುವದು ತುದಿಗೆ. ನೆಲದಲ್ಲಿ ಒಂದೂವರೆ ಅಡಿ ಸ್ಥಳ, ಏಳು ಪದಾರ್ಥ. ಯಾವ ಮಹಾವಿದ್ಯಾಲಯದ ಪದವೀಧರನೂ ಇದಕ್ಕಿಂತ ಮಿತವಾದ ಉಗ್ರಾಣವನ್ನು ಕಲ್ಪಿಸಿಲ್ಲ. ನಡುವಿನ ಗಡಿಗೆಯ ಕಾಳಿನಲ್ಲಿ ಮನೆಯೊಡತಿಯ ಗುಪ್ತ ಗಂಟೂ ಇರುತ್ತಿತ್ತು. ೨೦೧೬ರ ನವೆಂಬರಿನಲ್ಲಿ ಐದುನೂರು, ಸಾವಿರದ ನೋಟುಗಳು ರದ್ದಾದಾಗ ಎಷ್ಟು ಮನೆಗಳಲ್ಲಿ ತೊಗರಿಬೇಳೆಯೊಳಗಿನಿಂದ ರೊಕ್ಕ ಎದ್ದು ಬಂದು ಗಂಡಂದಿರನ್ನು ಬೆರಗುಗೊಳಿಸಿತೋ ಬಲ್ಲವರೇ ಬಲ್ಲರು. ಅಡಿಗೆಮನೆಯ ಉಗ್ರಾಣ ಬರೇ ಕಾಳಿನ ಸ್ಥಳವಲ್ಲ. ಮನೆಯಲ್ಲಿ ಹೆಣ್ಣಿನದು ಎನ್ನಬಹುದಾದ ಸ್ಥಳ ಅದೊಂದೇ ಇತ್ತು.

ಹಳೆಯ ಮನೆಗಳಲ್ಲಿ ಅಡಕಲ ಒಂದೇ ಅಲ್ಲ. ಎರಡಡಿ ದಪ್ಪದ ಮಣ್ಣುಗೋಡೆಯೊಳಗೆ ಕೊರೆದ ಮಾಡಗಳು. ಗೋಡೆಯ ಉದ್ದಕ್ಕೂ ತಲೆಯ ಮೇಲೆ ಹಾಯ್ದ ಹಲಗೆಯ ನಾಗೊಂದಿ. ಬೆಕ್ಕಿಗೆ ಎಟುಕದಂತೆ ಜಂತಿಗೆ ಕಟ್ಟಿದ ನೆಲುವು, ಅದರಲ್ಲಿ ಹಾಲು-ಮೊಸರು. ಅಂಗಳದ ಅಡಿಯಲ್ಲಿ ಹಗೇವು, ಅದರಲ್ಲಿ ವರ್ಷ ಎರಡು ವರ್ಷದ ಜೋಳ. ನೆಲದ ಕೆಳಗೆ, ನೆಲದ ಮೇಲೆ, ಗೋಡೆಯ ಒಳಗೆ, ಮಾಳಿಗೆಯ ಕೆಳಗೆ, ನಾಲ್ಕು ಕಡೆಗೂ ಸಾಮಾನು. ನಡುವೆ ಕುಳಿತು ರೊಟ್ಟಿ ಬಡಿಯಲು ನಾಲ್ಕು ಅಡಿ ಚೌಕ. ಒಲೆಯ ಮುಂದೆ ಕುಳಿತವಳು ಏಳದೆ ಕೈಚಾಚಿದರೆ ಉಪ್ಪು, ಖಾರ, ಎಣ್ಣೆ. ನಮ್ಮ ಪೂರ್ವಜರ ಅಡಿಗೆಮನೆ ದೊಡ್ಡದಿರಲಿಲ್ಲ. ಇದನ್ನು ನೆನಪಿನಲ್ಲಿಡಬೇಕು.

ಹಾಗೆಂದು ಹಳೆಯದರ ಭಜನೆ ಮಾಡಲು ನಾನು ಕುಳಿತಿಲ್ಲ. ಆ ಅಡಿಗೆಮನೆಯಲ್ಲಿ ಬೆಳಕಿಂಡಿ ಒಂದೇ. ಹೊಗೆ ಹೊರಗೆ ಹೋಗುವ ಮೊದಲು ನಮ್ಮ ಅವ್ವಂದಿರ ಕಣ್ಣೊಳಗೆ ಹೋಗಿ ಬರುತ್ತಿತ್ತು. ಮಾಡಗಳಲ್ಲಿ ಇಲಿ, ನಾಗೊಂದಿಯ ಹಿಂದೆ ಚೇಳು. ಹಗೇವಿನ ಬಾಯಿ ತೆಗೆದೊಡನೆ ಇಳಿದು ಉಸಿರುಗಟ್ಟಿ ಸತ್ತವರ ಕತೆ ಬಯಲುಸೀಮೆಯ ಊರೂರಿಗೂ ಇದೆ. ಅದಕ್ಕೇ ಮೊದಲು ದೀಪ ಇಳಿಬಿಟ್ಟು ನೋಡುವ ರೂಢಿ. ಹೊಗೆಯ ಮನೆಯಿಂದ ಗ್ಯಾಸಿನ ಕಟ್ಟೆಗೆ ಬಂದದ್ದು ಹೆಣ್ಣುಮಕ್ಕಳ ದೊಡ್ಡ ಬಿಡುಗಡೆ. “ಹಿಂದಿನವರು ನೆಲದ ಮೇಲೆ ಕುಳಿತು ಅಡಿಗೆ ಮಾಡುತ್ತಿದ್ದರು, ಎಷ್ಟು ಆರೋಗ್ಯ!” ಎಂದು ಲೇಖನ ಬರೆಯುವ ಗಂಡಸರು ಒಂದು ತಿಂಗಳು ಹಾಗೆ ಮಾಡಿ ನೋಡಲಿ. ನನ್ನ ತಕರಾರು ಇಷ್ಟೇ: ಹೊಗೆಯನ್ನು ಬಿಟ್ಟು ಬರುವಾಗ ಮಾಡವನ್ನೂ ನಾಗೊಂದಿಯನ್ನೂ ಬಿಟ್ಟು ಬರಬೇಕಾಗಿರಲಿಲ್ಲ. ಕೂಸನ್ನು ಎರೆದ ಮೇಲೆ ಕೊಳೆನೀರನ್ನು ಚೆಲ್ಲುವರೇ ಹೊರತು ಹಂಡೆಯನ್ನೂ ತಂಬಿಗೆಯನ್ನೂ ಚೆಲ್ಲುವದಿಲ್ಲ.

ಈಗ ಎದುರು ವಾದಕ್ಕೆ ಬರೋಣ. ನಮ್ಮ ಸ್ಟಾಫ್ ರೂಮಿನಲ್ಲಿಯೇ ಕೇಳಿದ್ದು: “ಈಗಿನ ಕಾಲದಾಗ ವರ್ಷದ ಕಾಳು ಯಾರ ತುಂಬತಾರ್ರೀ? ಮೂಲಿಗೊಂದು ಕಿರಾಣಿ ಅಂಗಡಿ ಐತಿ. ಬೇಕಾದಾಗ ತರೂದು.” ಈ ಮಾತನ್ನಾಡಿದವರು ತಿಂಗಳ ಮೊದಲ ವಾರದಲ್ಲಿ ಪಗಾರ ಎಣಿಸುವವರು. ಜಗತ್ತೆಲ್ಲ ತಮ್ಮಂತೆ ಮೊದಲ ತಾರೀಖಿಗೆ ಕಾಯುತ್ತದೆಂದು ಪಗಾರದಾರರ ನಂಬಿಕೆ. ಆದರೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಬಹುಜನರ ಕೈಗೆ ರೊಕ್ಕ ಹಾಗೆ ಬರುವದಿಲ್ಲ. ಕೃಷ್ಣೆ-ಘಟಪ್ರಭೆಗಳ ದಂಡೆಯ ಕಬ್ಬಿನ ರೈತನಿಗೆ ಕಾರಖಾನೆಯ ಬಿಲ್ಲು ಯಾವಾಗ ಬಂದೀತೆಂಬುದು ಪಂಚಾಂಗಕ್ಕೂ ತಿಳಿಯದು. ಆ ಬಿಲ್ಲು ಬರುವವರೆಗೆ ಮನೆಯವರ ಹೊಟ್ಟೆ ಹೊರೆಯುವದು ಮನೆಯೊಳಗಿನ ಜೋಳ. ಸುಗ್ಗಿಯಲ್ಲಿ ಕೊಂಡರೆ ಒಂದು ದರ, ಆಷಾಢದಲ್ಲಿ ಕೊಂಡರೆ ಇನ್ನೊಂದು. ಆ ಎರಡರ ನಡುವಿನ ಅಂತರವೇ ಒಬ್ಬ ಮಗಳ ಕಾಲೇಜಿನ ಫೀ ಆಗಬಹುದು. ತುಂಬಿಡುವವಳು ಹಳೆಯ ಕಾಲದವಳಲ್ಲ, ಲೆಕ್ಕ ಬಲ್ಲವಳು. ಅಂಗಡಿಯವನ ಉಗ್ರಾಣಕ್ಕೆ ಬಾಡಿಗೆ ಕೊಡುವದಕ್ಕಿಂತ ತನ್ನ ಮನೆಯಲ್ಲಿಯೇ ಒಂದು ಉಗ್ರಾಣವಿರಲಿ ಎನ್ನುವವಳು.

ಖಾರದ ಮಾತೂ ಹೀಗೆಯೇ. ಬೇಸಿಗೆಯಲ್ಲಿ ಮೆಣಸಿನಕಾಯಿ ತಂದು, ಒಣಗಿಸಿ, ಮಸಾಲೆ ಹುರಿದು, ಕುಟ್ಟಿಸಿ ವರ್ಷದ ಖಾರ ಮಾಡಿಡದ ಮನೆ ನಮ್ಮಲ್ಲಿ ವಿರಳ. ಶಾವಿಗೆ, ಹಪ್ಪಳ, ಸಂಡಿಗೆ ಅದೇ ಬಿಸಿಲಿನವು. ಹುಣಸೆಹಣ್ಣು, ಬೆಲ್ಲ, ಸೇಂಗಾ, ಗುರೆಳ್ಳು, ಅಗಸಿ, ಇವೆಲ್ಲ ಆಯಾ ಕಾಲದಲ್ಲಿಯೇ ಬಂದು ಕೂಡುವ ನೆಂಟರು. ಬಂದ ನೆಂಟರಿಗೆ ಕೂಡ್ರಲು ಸ್ಥಳ ಕೊಡಬೇಡವೇ?

ರಬಕವಿ-ಬನಹಟ್ಟಿಯ ನೇಕಾರರ ಮನೆಯ ಮಾತು ಬೇರೆ. ನನ್ನ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಬಾಗಿಲು ದಾಟಿದರೆ ಮಗ್ಗ. ಮಗ್ಗ ಮುಗಿದಲ್ಲಿ ಒಲೆ. ಮನೆಯ ಹೆಚ್ಚಿನ ಪಾಲನ್ನು ಮಗ್ಗ ತಿಂದಿದೆ, ಏಕೆಂದರೆ ಮನೆಯವರಿಗೆ ತಿನ್ನಿಸುವದು ಅದೇ. ಅಲ್ಲಿ ವಾರದ ಬಟವಡೆ, ವಾರದ ಸಂತೆ. ಚೀಲಗಟ್ಟಲೆ ಜೋಳದ ಪ್ರಶ್ನೆಯೇ ಇಲ್ಲ. ಆದರೆ ನೂಲಿನ ನವಿರಾದ ಎಳೆ-ಧೂಳು ಹಗಲೆಲ್ಲ ಹಾರುತ್ತದೆ, ತೆರೆದಿಟ್ಟ ಹಿಟ್ಟಿನ ಮೇಲೆ, ಮಜ್ಜಿಗೆಯ ಮೇಲೆ, ರೊಟ್ಟಿಯ ಬುಟ್ಟಿಯ ಮೇಲೆ ಕೂಡ್ರುತ್ತದೆ. ಆ ಹುಡುಗನ ತಾಯಿ ಎಲ್ಲ ಪಾತ್ರೆಗಳಿಗೂ ಸೀರೆಯ ತುಂಡಿನ ಮುಸುಕು ಹಾಕಿದ್ದಳು. ಆಕೆ ಹೇಳಿದಳು: “ನಮಗ ದೊಡ್ಡ ಜಾಗಾ ಬ್ಯಾಡ್ರೀ ಸರ, ಬಾಗಲಾ ಇದ್ದ ಕಪಾಟ ಬೇಕು.” ಬೀಳಗಿಯ ರೈತ ಹೆಂಗಸಿಗೆ ಬೇಕಾದದ್ದು ಗಾಳಿಯಾಡುವ, ನೆಲದಿಂದ ಎದ್ದ, ಚೀಲ ಹಿಡಿಸುವ ಕಟ್ಟೆ. ಬನಹಟ್ಟಿಯ ನೇಕಾರಗಿತ್ತಿಗೆ ಬೇಕಾದದ್ದು ಧೂಳು ಹೋಗದ ಸಣ್ಣ ಕಪಾಟು. ಇಬ್ಬರಿಗೂ ಒಂದೇ ಬೆಂಗಳೂರಿನ ನಕಾಶೆಯನ್ನು ಹಂಚುವ ಪಂಡಿತರಿಗೆ ಏನೆನ್ನಬೇಕು? ಮನೆಗೆ ರೊಕ್ಕ ಹೇಗೆ ಬರುತ್ತದೆಂದು ಕೇಳದೆ ಅಡಿಗೆಮನೆಯ ನಕಾಶೆ ಬರೆಯಲು ಬರುವದಿಲ್ಲ.

ಲೆಕ್ಕ ಕೇಳುವವರಿಗೆ ಲೆಕ್ಕವನ್ನೇ ಕೊಡುವೆನು. ನಮ್ಮ ಮನೆಯಲ್ಲಿ ಆರು ಜನ; ಎರಡು ಹೊತ್ತು ರೊಟ್ಟಿ ಉಣ್ಣುವವರು. ವರ್ಷಕ್ಕೆ ನೂರು ಕಿಲೋದ ಐದು ಚೀಲ ಜೋಳ ಬೇಕು. ಒಂದು ಘನ ಮೀಟರ್ ಸ್ಥಳದಲ್ಲಿ ಏಳುನೂರು ಕಿಲೋಕ್ಕಿಂತ ತುಸು ಹೆಚ್ಚು ಜೋಳ ಹಿಡಿಯುತ್ತದೆ. ಆದ್ದರಿಂದ ಐದು ಚೀಲಕ್ಕೆ ಸುಮಾರು ೨೪ ಘನ ಅಡಿ ಸಾಕು. ಎಂದರೆ ಎರಡಡಿ ಉದ್ದ, ಎರಡಡಿ ಅಗಲ, ಆರಡಿ ಎತ್ತರದ ಒಂದು ಕಣಜ. ನೆಲದಲ್ಲಿ ನಾಲ್ಕೇ ಚದರಡಿ! ಒಂದು ವರ್ಷದ ಅನ್ನಕ್ಕೆ ನಾಲ್ಕು ಚದರಡಿ. ಸೋಫಾದ ಒಂದು ಕುರ್ಚಿ ಅದಕ್ಕಿಂತ ಹೆಚ್ಚು ಸ್ಥಳ ತಕ್ಕೊಳ್ಳುತ್ತದೆ.

ಕಾಯಿದೆ ಏನನ್ನುತ್ತದೆ? ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಉಣ್ಣುವ ಸ್ಥಳ ಬೇರೆಯಿದ್ದರೆ ಅಡಿಗೆಮನೆ ೫ ಚದರ ಮೀಟರಿಗೆ ಕಡಿಮೆ ಇರಬಾರದು, ಅಗಲ ೧.೮ ಮೀಟರಿಗೆ ಕಡಿಮೆ ಇರಬಾರದು. ಅಲ್ಲಿಯೇ ಉಣ್ಣುವದಾದರೆ ೭.೫ ಚದರ ಮೀಟರ್. ನನ್ನ ೫೬ ಚದರಡಿಯ ಅಡಿಗೆಮನೆ ಕಾಯಿದೆಯ ಕಣ್ಣಿನಲ್ಲಿ ನಿರ್ದೋಷಿ. ಅದೇ ಸಂಹಿತೆ ಇನ್ನೊಂದು ಮಾತು ಹೇಳುತ್ತದೆ: ಬೇರೆ ಉಗ್ರಾಣವಿದ್ದರೆ ಅಡಿಗೆಮನೆಯನ್ನು ೪.೫ ಚದರ ಮೀಟರಿಗೆ ಇಳಿಸಬಹುದಂತೆ. ಎಂದರೆ ಉಗ್ರಾಣದ ಬೆಲೆ ಅರ್ಧ ಚದರ ಮೀಟರ್, ಐದು ಚದರಡಿಗೆ ತುಸು ಮೇಲೆ. ನಮ್ಮ ಜೋಳದ ಕಣಜ ನಿಂತಿತು. ಬೇಳೆ ಎಲ್ಲಿ, ಬೆಲ್ಲ ಎಲ್ಲಿ? ಇನ್ನು ೨೦೧೬ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯು ಮನೆಯ ಕನಿಷ್ಠ ಅಳತೆಯನ್ನು ೨೦ರಿಂದ ೨೫ ಚದರ ಮೀಟರಿಗೆ ಏರಿಸಿತು, ಶುಚಿಯಾದ ಅಡಿಗೆಯ ಸ್ಥಳವನ್ನೂ ಅದರಲ್ಲಿ ಸೇರಿಸಿತು. ಒಳ್ಳೆಯದೇ. ಅಡಿಗೆಯ ಸ್ಥಳ ಎಂಬ ಶಬ್ದ ಕಾಗದದ ಮೇಲೆ ಬಂದದ್ದೇ ಒಂದು ಹೆಜ್ಜೆ. ಕಾಳಿನ ಸ್ಥಳ ಎಂಬ ಶಬ್ದ ಇನ್ನೂ ಬರಬೇಕಾಗಿದೆ.

ನಮ್ಮ ಸಾಹಿತ್ಯವನ್ನೂ ಬಿಡುವಂತಿಲ್ಲ. ೧೦೨೫ರ ಸುಮಾರಿಗೆ ಎರಡನೆಯ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಮನೆ ಕಟ್ಟುವ ವಿಷಯವೂ ಇದೆ, ಅಡಿಗೆಯ ವಿಷಯವೂ ಇದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿಯೇ ಹಾಡಿದ. ಬರೆದವರೆಲ್ಲರೂ ಗಂಡಸರು, ತಿನಿಸಿನ ರುಚಿ ಅವರಿಗೆ ಬಲ್ಲಷ್ಟು ಗೊತ್ತು. ಉಂಡೆದ್ದ ಮೇಲೆ ಉಳಿದ ಹಿಟ್ಟನ್ನು ಎಲ್ಲಿ ಮುಚ್ಚಿಡಬೇಕೆಂಬ ಚಿಂತೆ ಷಟ್ಪದಿಗೆ ವಸ್ತುವಾದೀತೇ?

ಇನ್ನು ಮಾಡ್ಯುಲರ್ ಅಡಿಗೆಮನೆಯ ವ್ಯಾಪಾರಿಗಳು. ನಾಲ್ಕು ವರ್ಷದ ಹಿಂದೆ ನಾನೂ ಒಬ್ಬರನ್ನು ಕರೆಸಿದ್ದೆ. ಹೊಳೆಯುವ ಪುಸ್ತಕ ತೆರೆದು, “ಸರ್, ಇದು ಕಾರ್ನರ್ ಯೂನಿಟ್, ಇದು ಬಾಟಲ್ ಪುಲ್-ಔಟ್” ಎಂದು ತೋರಿಸಿ ಎರಡು ಲಕ್ಷ ಎಪ್ಪತ್ತು ಸಾವಿರವೆಂದರು. ಅವ್ವ ಪಕ್ಕದಲ್ಲಿ ಕುಳಿತಿದ್ದವಳು, “ಇದರಾಗ ರೊಟ್ಟಿ ಬುಟ್ಟಿ ಎಲ್ಲಿ ಕೂಡ್ರತೈತಿ, ತಮ್ಮಾ?” ಎಂದು ಕೇಳಿದಳು. ಆ ತರುಣ ಪುಸ್ತಕವನ್ನು ಹಿಂದೆ ಮುಂದೆ ತಿರುವಿದ. ಎರಡಡಿ ಅಗಲದ, ಐವತ್ತು ಕಡಕ್ ರೊಟ್ಟಿ ಹಿಡಿಸುವ ಬುಟ್ಟಿಗೆ ಆ ಪುಸ್ತಕದಲ್ಲಿ ಪುಟವಿರಲಿಲ್ಲ. ಬಾಟಲಿಗೆ ಇತ್ತು, ಮೈದಾಹಿಟ್ಟಿನ ಕೇಕು ಸುಡುವ ಪೆಟ್ಟಿಗೆಗೆ ಇತ್ತು. ನಮ್ಮ ಪರಾತ, ಬುಟ್ಟಿ, ಮರ, ಸಾಣಿಗೆ ಎಲ್ಲವೂ ದುಂಡಗಿನವು; ಅವರ ಖಾನೆಗಳೆಲ್ಲ ಚೌಕ. ಅದರ ಮೇಲೆ, ಕಟ್ಟಿಗೆಯ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಗೆದ್ದಲಿಗೆ ಹಬ್ಬ, ನೀರು ತಾಗಿದರೆ ಒಬ್ಬಟ್ಟಿನಂತೆ ಉಬ್ಬುತ್ತದೆ.

ವಿಚಿತ್ರವೆಂದರೆ ಈ ವ್ಯಾಪಾರಿಗಳು ಯಾವ ಕಲ್ಪನೆಯ ಮೊಮ್ಮಕ್ಕಳೋ, ಆ ಮೂಲಪುರುಷ ಒಬ್ಬ ಹೆಣ್ಣುಮಗಳು. ೧೯೨೬ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರಸಭೆಯವರು ದುಡಿಯುವ ಜನರಿಗಾಗಿ ಸಾವಿರಾರು ಮನೆ ಕಟ್ಟುವಾಗ ಮಾರ್ಗರೆಟೆ ಲಿಹೋಟ್ಸ್ಕಿ ಎಂಬ ತರುಣ ವಾಸ್ತುಶಿಲ್ಪಿ ಅಡಿಗೆಮನೆಯ ನಕಾಶೆ ಬರೆದಳು. ಅಗಲ ೧.೯ ಮೀಟರ್, ಉದ್ದ ಸುಮಾರು ಮೂರೂವರೆ ಮೀಟರ್. ರೈಲ್ವೆಯ ಊಟದ ಡಬ್ಬಿಯ ಇಕ್ಕಟ್ಟಾದ ಅಡಿಗೆಖಾನೆಯನ್ನು ಆಕೆ ನೋಡಿದಳು. ಅಡಿಗೆ ಮಾಡುವವಳು ಎಷ್ಟು ಹೆಜ್ಜೆ ಇಡುತ್ತಾಳೆಂದು ಎಣಿಸಿದಳು. ಅಕ್ಕಿ, ಸಕ್ಕರೆ, ಬೇಳೆಗಳಿಗೆ ಹಿಡಿಕೆ ಹಚ್ಚಿದ ಅಲ್ಯುಮಿನಿಯಮ್ಮಿನ ಸಾಲು ಸಾಲು ಸೆಳೆಖಾನೆ. ತುದಿಯಿಂದ ನೇರವಾಗಿ ಪಾತ್ರೆಗೆ ಸುರಿಯುವಂತೆ. ಹಿಟ್ಟಿಗೆ ಮಾತ್ರ ಓಕ್ ಮರದ ಖಾನೆ, ಏಕೆಂದರೆ ಹಿಟ್ಟಿನ ಹುಳ ಆ ಮರಕ್ಕೆ ಅಂಜುತ್ತದೆ. ಅಂಥ ಹತ್ತು ಸಾವಿರದಷ್ಟು ಅಡಿಗೆಮನೆಗಳನ್ನು ಕಟ್ಟಿದರು. ತಾನು ಆವರೆಗೆ ಅಡಿಗೆ ಮಾಡಿದವಳೇ ಅಲ್ಲವೆಂದು ಆಕೆ ಮುಂದೆ ಹೇಳಿಕೊಂಡಳು. ಆದರೆ ಮಾಡುವವರನ್ನು ಕಣ್ಣಿಟ್ಟು ನೋಡಿದಳು. ಆಕೆಯ ನಕಾಶೆಯಲ್ಲಿ ದೋಷವಿಲ್ಲವೆಂದಲ್ಲ. ಒಬ್ಬಳೇ ನಿಂತು ಮಾಡುವ ಅಡಿಗೆಗೆ ಅದು ತಕ್ಕದ್ದು. ಅತ್ತೆ-ಸೊಸೆ ಎದುರುಬದುರು ಕುಳಿತು ಶಾವಿಗೆ ಹೊಸೆಯುವ ಮನೆಗೆ ಸಾಲದು. ಆದರೆ ಯಾವ ಪದಾರ್ಥ, ಎಷ್ಟು, ಎಲ್ಲಿ ಎಂಬ ಮೂರು ಪ್ರಶ್ನೆಗಳಿಂದ ಆರಂಭಿಸಿದಳು. ಇಂದಿನ ವ್ಯಾಪಾರಿಗಳು ಆಕೆಯ ಖಾನೆಗಳನ್ನು ತಂದರು, ಪ್ರಶ್ನೆಗಳನ್ನು ಅಲ್ಲಿಯೇ ಬಿಟ್ಟು ಬಂದರು.

ವಾಸ್ತುಪಂಡಿತರ ಬಗ್ಗೆ ಹೆಚ್ಚು ಹೇಳುವದಿಲ್ಲ. ಅಡಿಗೆಮನೆ ಆಗ್ನೇಯಕ್ಕೇ ಇರಬೇಕೆಂದು ಅವರ ಹಟ, ಇರಲಿ. ಆಗ್ನೇಯದ ಮೂಲೆಯಲ್ಲಿ ಉಳಿದದ್ದು ಆರಡಿಯಾದರೆ ಆರಡಿಯಲ್ಲಿಯೇ ಅಗ್ನಿದೇವನನ್ನೂ ಆರು ಜನರ ಸಂಸಾರವನ್ನೂ ಕೂಡ್ರಿಸಿ ದಕ್ಷಿಣೆ ಎಣಿಸಿಕೊಂಡು ಹೋಗುತ್ತಾರೆ.

ಬರೇ ಬೈದರೆ ಆಯಿತೇ, ಏನು ಮಾಡಬೇಕೆಂಬುದನ್ನು ಹೇಳಿ ಎಂದು ಕೇಳುವಿರಿ. ನಾನು ಇಂಜಿನೀಯರನಲ್ಲ. ಆದರೆ ಈ ಒಂದು ವರ್ಷ ಅಳತೆಯ ಪಟ್ಟಿ ಹಿಡಿದು ಕಂಡವರ ಅಡಿಗೆಮನೆಗೆಲ್ಲ ನುಗ್ಗಿದ್ದೇನೆ, ಹೆಣ್ಣುಮಕ್ಕಳ ಮಾತು ಕೇಳಿದ್ದೇನೆ. ಅವರಿಂದ ಕಲಿತದ್ದು ಇದು. ಆಳವಾದ ಕಪಾಟು ಮೋಸದ ಕಪಾಟು. ಎರಡಡಿ ಆಳದಲ್ಲಿ ಮುಂದಿನ ಡಬ್ಬಿಯಷ್ಟೇ ಕಾಣುತ್ತದೆ, ಹಿಂದಿನದರಲ್ಲಿ ಹುಳ ಬಿದ್ದದ್ದು ದೀಪಾವಳಿಯ ಸಾರಣೆಯಲ್ಲಿ ಗೊತ್ತಾಗುತ್ತದೆ. ಒಂದು ಡಬ್ಬಿಯಷ್ಟೇ ಆಳವಿರುವ ಹಲಗೆಯೇ ಹಲಗೆ. ಒಂಬತ್ತು ಇಂಚಿನ ಇಟ್ಟಿಗೆಯ ಗೋಡೆಯಲ್ಲಿ ಅರ್ಧ ದಪ್ಪವನ್ನು ಒಳಗೆ ಬಿಟ್ಟು ನಾಲ್ಕೂವರೆ ಇಂಚಿನ ಗೂಡು ಮಾಡಿ, ಕಡಪಾ ಕಲ್ಲಿನ ಹಲಗೆಯನ್ನು ಎರಡೂವರೆ ಇಂಚು ಹೊರಗೆ ಚಾಚಿದರೆ ಏಳು ಇಂಚು ಆಯಿತು. ಕೋಣೆಯ ನೆಲದಿಂದ ಕಸಿದದ್ದು ಎರಡೂವರೆ ಇಂಚು ಮಾತ್ರ. ಏಳಡಿಯ ಗೋಡೆಯಲ್ಲಿ ಮೊಣಕಾಲಿನಿಂದ ಎತ್ತಿದ ಕೈಯವರೆಗೆ ಇಂಥ ಐದು ಹಲಗೆ ಹಾಕಿದರೆ ಮೂವತ್ತೈದು ಅಡಿ ಉದ್ದದ ಸ್ಥಳ; ಆರು ಇಂಚಿನ ಎಪ್ಪತ್ತು ಡಬ್ಬಿಗಳು! ಗೋಡೆ ಮಾತ್ರ ಭಾರ ಹೊರುವದಾಗಿರಬಾರದು. ಕಾಲಮ್ಮಿನ ಮೇಲೆ ನಿಂತ ಮನೆಗಳಲ್ಲಿ ಆ ಅಂಜಿಕೆಯಿಲ್ಲ. ಇದು ನಮ್ಮ ಮಾಡವೇ, ಇಟ್ಟಿಗೆಯ ಕಾಲಕ್ಕೆ ತೆಳ್ಳಗಾದದ್ದು. ಏಳಡಿಯ ಮೇಲೆ ಹತ್ತಡಿಯ ಮಾಳಿಗೆಯವರೆಗೆ ಮೂರಡಿ ಸುತ್ತಲೂ ಖಾಲಿ ಇರುತ್ತದೆ. ಅಲ್ಲಿ ಹಂಡೆ, ಹಬ್ಬದ ಬೋಗುಣಿ, ಬುಟ್ಟಿಗಳಿಗೆ ಅಟ್ಟ. ಆದರೆ ದಿನದ ಸಾಮಾನು ಅಟ್ಟದ ಮೇಲೆ ಬೇಡ. ಸ್ಟೂಲು ಹತ್ತಿ ಬಿದ್ದು ಸೊಂಟ ಮುರಿದುಕೊಂಡ ಅತ್ತಿಗೆಯೊಬ್ಬರು ನಮ್ಮ ಬಳಗದಲ್ಲಿಯೇ ಇದ್ದಾರೆ. ಚೀಲ ನೆಲಕ್ಕೆ ತಾಗದಂತೆ ಅರ್ಧ ಅಡಿಯ ಕಟ್ಟೆ, ಗೋಡೆಗೂ ತಾಗದಂತೆ ನಾಲ್ಕು ಬೆರಳು ತೆರವು. ಇಲ್ಲವಾದರೆ ಗೋಡೆಯ ಹಸಿ ಜೋಳಕ್ಕೆ ಏರುತ್ತದೆ. ೧೪.೨ ಕಿಲೋದ ಸಿಲಿಂಡರು ಒಂದಲ್ಲ, ಎರಡು, ತುಂಬಿದ್ದೊಂದು, ಉರಿಯುವದೊಂದು. ನಕಾಶೆಯಲ್ಲಿ ಯಾವಾಗಲೂ ಒಂದೇ ಬರೆದಿರುತ್ತದೆ.

ಇನ್ನು ಕಟ್ಟೆಯ ಎತ್ತರ. ಚಪಾತಿ ಲಟ್ಟಿಸುವ ಸೀಮೆಯಿಂದ ಬಂದ ಅಳತೆ ಅದು. ಜೋಳದ ರೊಟ್ಟಿಯನ್ನು ಬಡಿಯಬೇಕು. ಭುಜದ ಬಲ ಮೇಲಿನಿಂದ ಕೆಳಗೆ ಇಳಿಯಬೇಕು. ಕಟ್ಟೆಯ ಒಂದು ತುಂಡನ್ನು ನಾಲ್ಕೈದು ಇಂಚು ತಗ್ಗಿಸಿದರೆ ನಮ್ಮ ಅರ್ಧ ಹೆಂಗಸರ ಭುಜನೋವು ಹೋಗುತ್ತದೆಂದು ಮುಧೋಳದ ಒಬ್ಬ ಗೌಂಡಿ ನನಗೆ ಹೇಳಿದ. ತನ್ನ ಹೆಂಡತಿಗೆ ಹಾಗೆಯೇ ಮಾಡಿಕೊಟ್ಟಿದ್ದಾನಂತೆ. ರನ್ನನ ಊರಿನವನಲ್ಲವೇ, ರಸಿಕ.

ಇವೆಲ್ಲ ಉಳ್ಳವರ ಕೊರತೆಗಳು ಎಂದು ಯಾರೂ ಸರಿಸಬಾರದು. ೨೦೦೯ರ ಪ್ರವಾಹದ ತರುವಾಯ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಎಂಬ ಹೆಸರಿನಲ್ಲಿ ಹೊಸ ಊರುಗಳನ್ನೇ ಕಟ್ಟಿದರು. ಆ ಮನೆಗಳ ಮುಂದೆ ಹೋಗಿ ನಿಂತವರಿಗೆ ಮೊದಲು ಕಾಣುವದು ತಗಡಿನ ಚಪ್ಪರ: ದನಕ್ಕೆ ಒಂದು, ಕಾಳಿಗೆ ಒಂದು. ಸರಕಾರ ಮರೆತದ್ದನ್ನು ಜನ ತಗಡಿನಿಂದ ನೆನಪಿಸಿದ್ದಾರೆ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದಾಗ ದಂಡೆಯ ಊರುಗಳ ಮನೆಗಳಲ್ಲಿ ನೀರು ಸೊಂಟಕ್ಕೆ ಬಂದಿತು. ನಿರಾಶ್ರಿತರ ಶಿಬಿರಕ್ಕೆ ನಮ್ಮ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಒಬ್ಬ ಮುದುಕಿ ಅಳುತ್ತಿದ್ದುದು ಗೋಡೆ ಬಿದ್ದದ್ದಕ್ಕಲ್ಲ; ನೆಲದ ಮೇಲಿದ್ದ ನಾಲ್ಕು ಚೀಲ ಜೋಳ ಮೊಳಕೆಯೊಡೆದು ನಾರಿದ್ದಕ್ಕೆ. ಹಳೆಯ ಮನೆಯಲ್ಲಾಗಿದ್ದರೆ ಒಂದೆರಡು ಚೀಲವನ್ನಾದರೂ ಅಟ್ಟಕ್ಕೆ ಏರಿಸುತ್ತಿದ್ದಳು. ಹೊಸ ಮನೆಯಲ್ಲಿ ಏರಿಸಲು ಅಟ್ಟವಿರಲಿಲ್ಲ.

ಮುಂದೆ ಇನ್ನೂ ದೊಡ್ಡ ಕೆಲಸ ಕಾದಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು ೫೧೯.೬ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣವು ೨೦೧೦ರ ಡಿಸೆಂಬರಿನಲ್ಲಿ ಒಪ್ಪಿತು. ಆ ನೀರು ನಿಂತರೆ ನಮ್ಮ ಜಿಲ್ಲೆಯ ಇನ್ನಷ್ಟು ಊರುಗಳು ಮೇಲಕ್ಕೆ ಏಳಬೇಕಾಗುವದು. ಪರಿಹಾರದ ರೊಕ್ಕವೆಷ್ಟು, ನಿವೇಶನದ ಅಳತೆಯೆಷ್ಟು ಎಂಬುದರ ಬಗ್ಗೆ ಸಭೆ, ಧರಣಿ, ಮನವಿ ಎಲ್ಲ ಆಗುತ್ತವೆ, ಆಗಲೇಬೇಕು. ಆ ಸಭೆಗಳಲ್ಲಿ ವೇದಿಕೆಯ ಮೇಲೆ ಕುಳಿತ ನಮ್ಮ ಮುಂದಾಳುಗಳು, ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ, ಒಂದು ಸಲ ಎದುರಿಗೆ ಕುಳಿತ ಹೆಂಗಸರನ್ನು ಎಬ್ಬಿಸಿ ಕೇಳಲಿ: ಅವ್ವಾ, ನಿನ್ನ ಕಾಳು ಎಷ್ಟು, ಎಲ್ಲಿ ಇಡುತ್ತೀ? ನಗರಸಭೆಯವರು, ಪಟ್ಟಣ ಪಂಚಾಯತಿಯವರು ನಕಾಶೆಗೆ ಪರವಾನಿಗೆ ಕೊಡುವಾಗ ಸಂಡಾಸಿನ ಕುಣಿ ಎಲ್ಲಿದೆಯೆಂದು ಬೆರಳಿಟ್ಟು ನೋಡುತ್ತಾರೆ. ಜೋಳದ ಸ್ಥಳ ಎಲ್ಲಿದೆಯೆಂದೂ ಬೆರಳಿಡಲಿ. ಒಂದೇ ಬೆರಳು ಸಾಕು.

ನನ್ನ ಮಟ್ಟಿಗೆ ಹೇಳುವದಾದರೆ, ಬರುವ ರವಿವಾರ ಗೌಂಡಿ ಬರುತ್ತಾನೆ. ಹಾಲಿಗೂ ಅಡಿಗೆಮನೆಗೂ ನಡುವಿನ ಗೋಡೆಯನ್ನು ಕೆಡವಿ ಎರಡಡಿ ಹಾಲಿನೊಳಕ್ಕೆ ಸರಿಸುವದೆಂದು ನಿಶ್ಚಯವಾಗಿದೆ. ಈ ಸಲ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದವರು ಅವ್ವ ಮತ್ತು ಮನೆಯಾಕೆ. ನಾನು ಪಟ್ಟಿಯ ಇನ್ನೊಂದು ತುದಿ ಹಿಡಿದು ನಿಂತಿದ್ದೆ. ಅತ್ತೆ-ಸೊಸೆ ನಡುವೆ ಬೆಲ್ಲದ ಸ್ಥಳದ ಬಗ್ಗೆ ಸಣ್ಣ ವಾದವೂ ಆಯಿತು, ಇನ್ನೂ ಮುಗಿದಿಲ್ಲ. ಬಾಗಿಲ ಮಗ್ಗುಲಿಗೆ ಒಂದೂವರೆ ಅಡಿಯ ಒಂದು ದುಂಡು ಗೆರೆ ಇದೆ. ಅದು ಏತಕ್ಕೆಂದು ನಾನು ಕೇಳಲಿಲ್ಲ; ಕುಂಬಾರರ ಓಣಿಗೆ ಹೋಗಿ ಏಳು ಗಡಿಗೆ ಹೇಳಿ ಬಂದಿದ್ದೇನೆ. ಗೋಡೆ ಸರಿದ ಮೇಲೆ ಮೂರು ಆಸನದ ಸೋಫಾ ಹಾಲಿನಲ್ಲಿ ಹಿಡಿಸುವದಿಲ್ಲ. ಒಳ್ಳೆಯ ಸಾಗವಾನಿಯದು. ಬೇಕಾದವರು ಬಂದು ನೋಡಬಹುದು.